ಆಟವು ವೃತ್ತಿಯಾದ ಬಗೆ: ಮಹಿಳಾ ಟೆನಿಸ್ ಮತ್ತು ಮಲೆನಾಡಿನ ಮೂರು ತಾಲ್ಲೂಕುಗಳು

ಒಂದು ಕಸುಬು ಹುಟ್ಟುವುದು, ಬೆಳೆಯುವುದು, ಅದಕ್ಕೆ ಸಮಾಜದ ಮನ್ನಣೆ ದೊರೆಯುವುದು ಇವೆಲ್ಲವೂ ಸಾಮಾಜಿಕ ಇತಿಹಾಸದ ವ್ಯಾಪ್ತಿಗೆ ಸೇರಿದ ವಿಷಯಗಳು. ನೇಯ್ಗೆ, ಕಮ್ಮಾರಿಕೆ, ವೈದ್ಯ, ವಕೀಲಿ ಮೊದಲಾದ ವೃತ್ತಿಗಳ ಚರಿತ್ರೆಯನ್ನು ನಮ್ಮ ವಿದ್ವಾಂಸರು ಬಗೆಬಗೆಯಾಗಿ ವಿವೇಚಿಸಿದ್ದಾರೆ. ಕ್ರೀಡೆಯಾದರೋ ಬಹುಕಾಲ ವಿರಾಮದ ವಿನೋದವೆಂದೇ ಎಣಿಸಲ್ಪಟ್ಟುದರಿಂದ ಅದನ್ನು ವೃತ್ತಿಯ ದೃಷ್ಟಿಯಿಂದ ನೋಡಿದವರು ವಿರಳ. ಅದರಲ್ಲಿಯೂ ಹೆಣ್ಣುಮಗಳೊಬ್ಬಳು ಆಟವನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವುದೆಂಬುದು ಕಳೆದ ಸುಮಾರು ಐವತ್ತೈದು ವರ್ಷಗಳ ಬೆಳವಣಿಗೆ. ಈ ವೃತ್ತಿಯ ಸ್ವರೂಪವೇನು, ಅದರ ಆದಾಯದ ಮೂಲವಾವುದು, ಅದನ್ನು ಕೈಗೊಳ್ಳುವವಳು ಪಣಕ್ಕಿಡಬೇಕಾದುದೇನು ಎಂಬುದನ್ನು ಟೆನಿಸ್ ಆಟದ ನಿದರ್ಶನದಿಂದ ವಿವರಿಸಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಂತಹ ಮಲೆನಾಡಿನ ಪ್ರದೇಶಕ್ಕೆ ಅದರಿಂದ ತಿಳಿದುಬರುವುದೇನೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹವ್ಯಾಸದಿಂದ ವೃತ್ತಿಗೆ

ಇಂದು ನಾವು ಕಾಣುವ ಟೆನಿಸ್ ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ವಿಂಬಲ್ಡನ್ನಿನ ಪಂದ್ಯಾವಳಿ 1877ರಲ್ಲಿ ಪುರುಷರಿಗಾಗಿ ಆರಂಭವಾಯಿತು. 1884ರಲ್ಲಿ ಮಹಿಳೆಯರಿಗೂ ಪ್ರವೇಶ ದೊರೆತು, ಮಾಡ್ ವಾಟ್ಸನ್ ಎಂಬಾಕೆ ಪ್ರಥಮ ವಿಜೇತೆಯಾದಳು. ಮಹಿಳೆಯರಿಗೆ ಇಷ್ಟು ಬೇಗನೆ ತೆರೆದುಕೊಂಡ ಅಂತರರಾಷ್ಟ್ರೀಯ ಆಟಗಳು ಹೆಚ್ಚಿಲ್ಲ. ಆದರೆ ಪ್ರವೇಶ ದೊರೆತ ಮಾತ್ರಕ್ಕೆ ಜೀವನ ಸಾಗುವಂತಿರಲಿಲ್ಲ. ಹಣ ಪಡೆದು ಆಡಿದವರಿಗೆ ದೊಡ್ಡ ಪಂದ್ಯಾವಳಿಗಳ ಬಾಗಿಲು ಮುಚ್ಚಿರುತ್ತಿತ್ತು. ಹವ್ಯಾಸಿಯೆಂಬ ಈ ಆದರ್ಶವು ಕೇಳಲು ಉದಾತ್ತವಾದರೂ, ಮನೆಯಲ್ಲಿ ಅನುಕೂಲವುಳ್ಳವರಿಗೆ ಮಾತ್ರ ಅದು ನಿಲುಕುವಂತಹುದಾಗಿತ್ತು. ಫ್ರಾನ್ಸಿನ ಸುಪ್ರಸಿದ್ಧ ಆಟಗಾರ್ತಿ ಸುಜಾನ್ ಲೆಂಗ್ಲೆನ್ 1926ರಲ್ಲಿ ಹಣಕ್ಕಾಗಿ ಅಮೆರಿಕದಲ್ಲಿ ಪ್ರದರ್ಶನ ಪಂದ್ಯಗಳನ್ನಾಡಲು ಒಪ್ಪಿದಳು. ಅಂದಿನಿಂದ ವಿಂಬಲ್ಡನ್ ಅವಳ ಪಾಲಿಗೆ ಇಲ್ಲವಾಯಿತು.

ಈ ಕಟ್ಟಳೆ ಸಡಿಲವಾದುದು 1968ರಲ್ಲಿ. ಆ ವರ್ಷದಿಂದ ಹವ್ಯಾಸಿಗಳೂ ವೃತ್ತಿಪರರೂ ಒಂದೇ ಅಂಕಣದಲ್ಲಿ ಆಡಲು ಅವಕಾಶವಾಯಿತು. ಆದರೆ ಅದೇ ವರ್ಷ ವಿಂಬಲ್ಡನ್ನಿನಲ್ಲಿ ಗೆದ್ದ ರಾಡ್ ಲೇವರನಿಗೆ 2,000 ಪೌಂಡುಗಳೂ, ಮಹಿಳಾ ವಿಭಾಗದಲ್ಲಿ ಗೆದ್ದ ಬಿಲ್ಲಿ ಜೀನ್ ಕಿಂಗಳಿಗೆ 750 ಪೌಂಡುಗಳೂ ದೊರೆತುವು. ಈ ತಾರತಮ್ಯವನ್ನು ಪ್ರತಿಭಟಿಸಿ, 1970ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಒಂಬತ್ತು ಮಂದಿ ಆಟಗಾರ್ತಿಯರು ಪತ್ರಿಕಾ ಪ್ರಕಾಶಕಿ ಗ್ಲಾಡಿಸ್ ಹೆಲ್ಡ್‌ಮನ್ನಳೊಡನೆ ತಲಾ ಒಂದು ಡಾಲರಿನ ಸಾಂಕೇತಿಕ ಕರಾರಿಗೆ ರುಜು ಹಾಕಿ, ತಮ್ಮದೇ ಆದ ಪಂದ್ಯಾವಳಿಗಳನ್ನು ಆರಂಭಿಸಿದರು. 1973ರಲ್ಲಿ ಮಹಿಳಾ ಟೆನಿಸ್ ಸಂಘವು ಸ್ಥಾಪಿತವಾಯಿತು. ಅದೇ ವರ್ಷ ಅಮೆರಿಕದ ಓಪನ್ ಪಂದ್ಯಾವಳಿ ಸ್ತ್ರೀಪುರುಷರಿಗೆ ಸಮಾನ ಬಹುಮಾನವನ್ನು ನೀಡಿತು. ವಿಂಬಲ್ಡನ್ ಈ ಸಮಾನತೆಯನ್ನು ಅಂಗೀಕರಿಸಿದುದು 2007ರಲ್ಲಿ. ಮಹಿಳೆಯ ಈ ವೃತ್ತಿಯು ಯಾರೋ ದಯಪಾಲಿಸಿದ ವರವಲ್ಲ. ಆಟಗಾರ್ತಿಯರು ಸಂಘಟಿತರಾಗಿ ಕಟ್ಟಿಕೊಂಡುದು ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

2. ಭಾರತದ ಆಟಗಾರ್ತಿಯರು

ಭಾರತದಲ್ಲಿ ಈ ಆಟ ಮೊದಲು ನೆಲೆಸಿದುದು ದಂಡುಪ್ರದೇಶಗಳಲ್ಲಿ, ಅಧಿಕಾರಿಗಳ ಹಾಗೂ ತೋಟದ ದೊರೆಗಳ ಕ್ಲಬ್ಬುಗಳಲ್ಲಿ. ಆ ಕಾಲದ ಸುಶಿಕ್ಷಿತ ಮನೆತನಗಳ ಹೆಣ್ಣುಮಕ್ಕಳು ಕೆಲವರು ಇದನ್ನು ಚೆನ್ನಾಗಿ ಅಭ್ಯಾಸ ಮಾಡಿದರು. 1934ರಲ್ಲಿ ವಿಂಬಲ್ಡನ್ನಿನಲ್ಲಿ ಒಂದು ಪಂದ್ಯವನ್ನು ಗೆದ್ದ ಪ್ರಥಮ ಭಾರತೀಯ ಮಹಿಳೆ ಲೀಲಾ ರಾವ್. ಇವರು ಸಂಸ್ಕೃತ ಕವಯಿತ್ರಿ ಪಂಡಿತಾ ಕ್ಷಮಾ ರಾವ್ ಅವರ ಮಗಳೆಂಬ ಸಂಗತಿ, ಆಟವೂ ಪಾಂಡಿತ್ಯವೂ ಒಂದೇ ಮನೆಯಲ್ಲಿ ಕೂಡಿ ಬಾಳಬಲ್ಲುವೆಂಬುದಕ್ಕೆ ಸಾಕ್ಷಿ. ಆದರೆ ಅದು ಹವ್ಯಾಸದ ಯುಗ. ವೃತ್ತಿಯುಗದಲ್ಲಿ ನಾಲ್ಕು ಮಹಾಪಂದ್ಯಾವಳಿಗಳಲ್ಲಿ ಒಂದರ ಪ್ರಧಾನ ಸುತ್ತಿನಲ್ಲಿ ಭಾರತೀಯ ಮಹಿಳೆಗೆ ಜಯ ದೊರೆತುದು 1998ರಲ್ಲಿ. ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ ಆಸ್ಟ್ರೇಲಿಯಾದ ಓಪನ್ನಿನಲ್ಲಿ ಇಟಲಿಯ ಗ್ಲೋರಿಯಾ ಪಿಜ್ಜಿಕಿನಿಯನ್ನು ಸೋಲಿಸಿದರು. ಈ ಎರಡು ಜಯಗಳ ನಡುವೆ ಅರುವತ್ತನಾಲ್ಕು ವರ್ಷಗಳ ಅಂತರವಿದೆ.

3. ಒಂದು ಪೂರ್ಣ ವೃತ್ತಿಜೀವನ: ಸಾನಿಯಾ ಮಿರ್ಜಾ

ಭಾರತೀಯ ಮಹಿಳೆಯೊಬ್ಬಳ ಟೆನಿಸ್ ವೃತ್ತಿಜೀವನವನ್ನು ಆದಿಯಿಂದ ಅಂತ್ಯದವರೆಗೆ ಅಭ್ಯಸಿಸಲು ಸಾನಿಯಾ ಮಿರ್ಜಾ ಅವರದೇ ಅತ್ಯುತ್ತಮ ನಿದರ್ಶನ. 1986ರಲ್ಲಿ ಮುಂಬಯಿಯಲ್ಲಿ ಜನಿಸಿ ಹೈದರಾಬಾದಿನಲ್ಲಿ ಬೆಳೆದ ಇವರು ಆರನೆಯ ವಯಸ್ಸಿನಲ್ಲಿ ಆಟ ಆರಂಭಿಸಿದರು. ತಂದೆಯೇ ತರಬೇತುದಾರರಲ್ಲೊಬ್ಬರು. 2003ರಲ್ಲಿ ವಿಂಬಲ್ಡನ್ನಿನ ಬಾಲಕಿಯರ ಡಬಲ್ಸ್ ಪ್ರಶಸ್ತಿಯನ್ನು ರಷ್ಯಾದ ಅಲಿಸಾ ಕ್ಲೆಬನೋವಾಳೊಡನೆ ಗೆದ್ದು, ಅದೇ ವರ್ಷ ವೃತ್ತಿಯನ್ನು ಪ್ರವೇಶಿಸಿದರು. 2005ರ ಫೆಬ್ರುವರಿಯಲ್ಲಿ ಹೈದರಾಬಾದಿನ ಪಂದ್ಯಾವಳಿಯ ಸಿಂಗಲ್ಸ್ ಪ್ರಶಸ್ತಿ ದೊರೆಯಿತು; ಆ ವರ್ಷದ ಅಮೆರಿಕದ ಓಪನ್ನಿನಲ್ಲಿ ನಾಲ್ಕನೆಯ ಸುತ್ತನ್ನು ಮುಟ್ಟಿದರು. 2007ರ ಆಗಸ್ಟಿನಲ್ಲಿ ಸಿಂಗಲ್ಸ್ ಶ್ರೇಯಾಂಕದಲ್ಲಿ 27ನೆಯ ಸ್ಥಾನವನ್ನು ಪಡೆದರು.

ಕರ್ನಾಟಕಕ್ಕೂ ಈ ಕಥೆಗೂ ಸಂಬಂಧವುಂಟು. ಹೈದರಾಬಾದಿನಲ್ಲಿ ನಡೆಯುತ್ತಿದ್ದ ಮಹಿಳಾ ಪಂದ್ಯಾವಳಿ 2006ರಲ್ಲಿ ಬೆಂಗಳೂರಿಗೆ ಬಂದು, 2008ರವರೆಗೆ ಇಲ್ಲಿ ನಡೆಯಿತು. 2006ರಲ್ಲಿ ಬೆಂಗಳೂರಿನ ಡಬಲ್ಸ್ ಪ್ರಶಸ್ತಿಯನ್ನು ಸಾನಿಯಾ ಅವರು ಲೀಜೆಲ್ ಹ್ಯೂಬರಳೊಡನೆ ಗೆದ್ದರು. 2008ರಲ್ಲಿ ಸೆರೀನಾ ವಿಲಿಯಮ್ಸ್ ಇಲ್ಲಿ ಸಿಂಗಲ್ಸ್ ವಿಜೇತೆಯಾದಳು. ಜಗತ್ತಿನ ಅಗ್ರಗಣ್ಯ ಆಟಗಾರ್ತಿಯರನ್ನು ಕನ್ನಡ ನಾಡಿನ ಬಾಲಕಿಯರು ಕಣ್ಣಾರೆ ಕಂಡುದು ಆ ಮೂರು ವರ್ಷಗಳಲ್ಲಿ.

ಈ ವೃತ್ತಿಜೀವನದ ಮಧ್ಯಭಾಗವೇ ನಮಗೆ ಹೆಚ್ಚು ಬೋಧಪ್ರದವಾದುದು. ಮಣಿಕಟ್ಟಿಗೂ ಮಂಡಿಗಳಿಗೂ ಪೆಟ್ಟಾಗಿ ಶಸ್ತ್ರಚಿಕಿತ್ಸೆಗಳು ನಡೆದುವು. ಸಿಂಗಲ್ಸ್ ಆಟದ ಓಟವನ್ನು ಶರೀರ ತಡೆಯದಾದಾಗ ಅವರು ವೃತ್ತಿಯನ್ನು ತೊರೆಯಲಿಲ್ಲ. ಅದರ ಶಾಖೆಯನ್ನು ಬದಲಾಯಿಸಿದರು. ಅರ್ಧ ಅಂಕಣವನ್ನು ಜತೆಗಾತಿ ಕಾಯುವ ಡಬಲ್ಸ್ ಆಟದಲ್ಲಿ ಓಟ ಕಡಿಮೆ; ಹೊಡೆತದ ಬಿರುಸೂ ಜಾಣ್ಮೆಯೂ ಮುಖ್ಯ. ಮಹೇಶ್ ಭೂಪತಿಯವರೊಡನೆ 2009ರಲ್ಲಿ ಆಸ್ಟ್ರೇಲಿಯಾದಲ್ಲಿ, 2012ರಲ್ಲಿ ಫ್ರಾನ್ಸಿನಲ್ಲಿ, ಬ್ರೆಜಿಲಿನ ಬ್ರೂನೋ ಸೋರೆಸನೊಡನೆ 2014ರಲ್ಲಿ ಅಮೆರಿಕದಲ್ಲಿ ಮಿಶ್ರ ಡಬಲ್ಸ್ ಪ್ರಶಸ್ತಿಗಳು ಬಂದುವು. 2015ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸಳೊಡನೆ ಜತೆಗೂಡಿ ವಿಂಬಲ್ಡನ್, ಅಮೆರಿಕದ ಓಪನ್, 2016ರಲ್ಲಿ ಆಸ್ಟ್ರೇಲಿಯಾದ ಓಪನ್ ಪ್ರಶಸ್ತಿಗಳನ್ನು ಗೆದ್ದರು. ಈ ಜೋಡಿ ಸತತವಾಗಿ 41 ಪಂದ್ಯಗಳನ್ನು ಗೆದ್ದಿತು. 2015ರ ಏಪ್ರಿಲ್ 13ರಂದು ಸಾನಿಯಾ ಡಬಲ್ಸ್ ಶ್ರೇಯಾಂಕದಲ್ಲಿ ಪ್ರಪಂಚದ ಪ್ರಥಮ ಸ್ಥಾನಕ್ಕೇರಿ, ಒಟ್ಟು 91 ವಾರ ಆ ಸ್ಥಾನದಲ್ಲಿದ್ದರು. 2018ರಲ್ಲಿ ತಾಯಿಯಾಗಿ, 2020ರ ಜನವರಿಯಲ್ಲಿ ಮರಳಿ ಬಂದು ಹೋಬರ್ಟಿನಲ್ಲಿ ಪ್ರಶಸ್ತಿ ಗೆದ್ದರು. 2023ರ ಜನವರಿಯಲ್ಲಿ ಆಸ್ಟ್ರೇಲಿಯಾದ ಓಪನ್ನಿನ ಮಿಶ್ರ ಡಬಲ್ಸ್ ಅಂತಿಮ ಪಂದ್ಯ ಅವರ ಕಡೆಯ ಮಹಾಪಂದ್ಯ. ಜತೆಗಾರ ಕೊಡಗಿನ ರೋಹನ್ ಬೋಪಣ್ಣ. ಅದರಲ್ಲಿ ಸೋತು, ಮರು ತಿಂಗಳು ದುಬೈಯಲ್ಲಿ ನಿವೃತ್ತರಾದರು. ಇಪ್ಪತ್ತು ವರ್ಷಗಳಲ್ಲಿ ಬಹುಮಾನವಾಗಿ ಬಂದ ಮೊತ್ತ 70 ಲಕ್ಷ ಡಾಲರುಗಳಿಗೂ ಮಿಕ್ಕಿತ್ತು.

4. ಶ್ರೇಯಾಂಕವೆಂಬ ಲೆಕ್ಕಾಚಾರ

ಮೇಲಿನ ಕಥೆಯನ್ನು ಓದಿದವರಿಗೆ ಈ ವೃತ್ತಿಯು ಐಶ್ವರ್ಯದ ಹೆದ್ದಾರಿಯೆಂದು ತೋರಬಹುದು. ವಾಸ್ತವವನ್ನರಿಯಲು ಅದರ ಒಳಗಣ ಏರ್ಪಾಡನ್ನು ತಿಳಿಯಬೇಕು.

ಟೆನಿಸ್ ಆಟಗಾರ್ತಿಗೆ ಸಂಬಳ ಕೊಡುವ ಯಜಮಾನನಿಲ್ಲ. ಅವಳು ಆಡಿ ಗೆದ್ದ ಪಂದ್ಯಗಳಿಗೆ ಅಂಕಗಳು ದೊರೆಯುತ್ತವೆ, ಅಂಕಗಳ ಮೊತ್ತದಿಂದ ಶ್ರೇಯಾಂಕ, ಶ್ರೇಯಾಂಕದಿಂದ ದೊಡ್ಡ ಪಂದ್ಯಾವಳಿಗಳಿಗೆ ಪ್ರವೇಶ, ಪ್ರವೇಶದಿಂದ ಹಣ. ಅಂಕಗಳ ಆಯುಸ್ಸು 52 ವಾರ ಮಾತ್ರ. ಕಳೆದ ವರ್ಷ ಗಳಿಸಿದುದು ಈ ವರ್ಷ ಅದೇ ವೇಳೆಗೆ ಅಳಿಸಿಹೋಗುತ್ತದೆ. ನಮ್ಮ ತೋಟದ ಬೆಳೆಯ ಹಾಗೆ, ಹೋದ ವರ್ಷದ ಫಸಲು ಈ ವರ್ಷದ ಲೆಕ್ಕಕ್ಕೆ ಬಾರದು. ಕಾಲು ಉಳುಕಿ ಆರು ತಿಂಗಳು ಮಲಗಿದವಳು ಎದ್ದು ಬರುವಾಗ ಅರ್ಧ ಮೆಟ್ಟಲುಗಳನ್ನು ಮತ್ತೆ ಹತ್ತಬೇಕಾಗುತ್ತದೆ. ದೀರ್ಘಕಾಲ ಅಸ್ವಸ್ಥರಾದವರಿಗೂ ತಾಯ್ತನದ ನಿಮಿತ್ತ ಬಿಡುವು ಪಡೆದವರಿಗೂ ಹಳೆಯ ಶ್ರೇಯಾಂಕದ ಬಲದಿಂದ ಕೆಲವು ಪಂದ್ಯಾವಳಿಗಳನ್ನು ಪ್ರವೇಶಿಸಲು ಆಸ್ಪದವುಂಟು. 2025ರಲ್ಲಿ ಮಹಿಳಾ ಟೆನಿಸ್ ಸಂಘವು ತಾಯಂದಿರಾಗುವ ಆಟಗಾರ್ತಿಯರಿಗೆ ವೇತನಸಹಿತ ರಜೆಯ ನಿಧಿಯೊಂದನ್ನು ಪ್ರಕಟಿಸಿತು. ಉಳಿದ ಉದ್ಯೋಗಗಳಲ್ಲಿ ಹೆರಿಗೆ ರಜೆ ಎಂದೋ ಬಂದಿದ್ದರೂ ಇಲ್ಲಿಗೆ ಬರಲು ಸಂಘ ಹುಟ್ಟಿ ಐವತ್ತೆರಡು ವರ್ಷಗಳಾದುವು.

ಏಣಿಯ ತಳದ ಮೆಟ್ಟಲಿನಲ್ಲಿರುವ ಪಂದ್ಯಾವಳಿಗಳ ಒಟ್ಟು ಬಹುಮಾನ 15,000 ಡಾಲರು. ಒಟ್ಟು ಎಂಬ ಮಾತನ್ನು ಗಮನಿಸಬೇಕು. ಅದು ಸಿಂಗಲ್ಸ್, ಡಬಲ್ಸ್ ಎರಡರಲ್ಲಿಯೂ ಆಡಿದ ಎಲ್ಲರಿಗೂ ಹಂಚಿಹೋಗುವ ಮೊತ್ತ. ಸಿಂಗಲ್ಸ್ ಗೆದ್ದವಳಿಗೂ ಎರಡೂವರೆ ಸಾವಿರ ಡಾಲರು ಪೂರ್ತಿ ಸಿಕ್ಕುವುದಿಲ್ಲ. ವಿಮಾನದ ಟಿಕೆಟ್ಟು, ವಸತಿ, ಊಟ, ರ್ಯಾಕೆಟ್ಟಿಗೆ ತಂತಿ, ವೀಸಾ ಶುಲ್ಕ, ತರಬೇತುದಾರನ ಸಂಬಳ ಇವೆಲ್ಲವೂ ಅವಳದೇ ವೆಚ್ಚ. 2013ರ ಲೆಕ್ಕಗಳನ್ನಾಧರಿಸಿ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ ನಡೆಸಿದ ಪರಿಶೀಲನೆಯೊಂದರ ಪ್ರಕಾರ, ತರಬೇತುದಾರನ ಖರ್ಚನ್ನು ಬಿಟ್ಟರೂ, ಮಹಿಳೆಯರಲ್ಲಿ ಸುಮಾರು 250ನೆಯ ಶ್ರೇಯಾಂಕದವರಿಗೆ ಮಾತ್ರ ಆದಾಯವೂ ವೆಚ್ಚವೂ ಸರಿದೂಗುತ್ತಿದ್ದುವು. ಪ್ರಪಂಚದಲ್ಲಿ ಮುನ್ನೂರನೆಯವಳಾಗುವುದೆಂದರೆ ಅಸಾಮಾನ್ಯ ಸಾಧನೆ. ಆದರೂ ಆ ಸಾಧನೆ ಮನೆಯಿಂದ ಹಣ ತರಿಸಿಕೊಳ್ಳುವ ಸಾಧನೆಯಾಗಿತ್ತು. ಬೇರೆ ಯಾವ ವೃತ್ತಿಯಲ್ಲಿ ಜಗತ್ತಿನ ಮುನ್ನೂರನೆಯ ಸ್ಥಾನದವರು ಸಾಲಗಾರರಾಗಿರುತ್ತಾರೆ?

ವಯಸ್ಸಿನ ಪ್ರಶ್ನೆ ಇನ್ನೂ ಗಂಭೀರವಾದುದು. ಹದಿನಾಲ್ಕು ತುಂಬದವರು ವೃತ್ತಿಪರ ಪಂದ್ಯಾವಳಿಗಳಲ್ಲಿ ಆಡಬಾರದೆಂದೂ, ಹದಿನೆಂಟರವರೆಗೆ ಮಿತಿಯಾದ ಸಂಖ್ಯೆಯಲ್ಲಿ ಮಾತ್ರ ಆಡಬಹುದೆಂದೂ ನಿಯಮವಿದೆ. ಎಳೆಯ ಮಕ್ಕಳ ಶರೀರವನ್ನೂ ಮನಸ್ಸನ್ನೂ ಕಾಪಾಡುವುದಕ್ಕಾಗಿ ಮಾಡಿದ ನಿಯಮವಿದು. ಆದರೆ ಹದಿನಾಲ್ಕರಿಂದ ಹದಿನೆಂಟರ ವರೆಗಿನ ಕಾಲ ನಮ್ಮಲ್ಲಿ ಪ್ರೌಢಶಾಲೆಯ ಹಾಗೂ ಪಿ.ಯು.ಸಿ. ಪರೀಕ್ಷೆಗಳ ಕಾಲ. ಓದೋ ಆಟವೋ ಎಂಬ ನಿರ್ಧಾರವನ್ನು ತಂದೆತಾಯಿಗಳು ಮಾಡಬೇಕಾಗಿ ಬರುವುದು ಆಟದಿಂದ ಒಂದು ರೂಪಾಯಿಯೂ ಬಾರದ ಹೊತ್ತಿನಲ್ಲಿ. ಗಂಡುಮಗನ ವಿಷಯದಲ್ಲಿಯೇ ಹಿಂಜರಿಯುವ ಮನೆ, ಹೆಣ್ಣುಮಗಳ ವಿಷಯದಲ್ಲಿ ಮದುವೆಯ ಚಿಂತೆಯನ್ನೂ ಇದಕ್ಕೆ ಕೂಡಿಸಿಕೊಳ್ಳುತ್ತದೆ.

5. ಹೋಲಿಕೆಗಾಗಿ: ಕಡೂರಿನ ಕ್ರಿಕೆಟ್ ಆಟಗಾರ್ತಿ

ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬರು ಆಟವನ್ನು ವೃತ್ತಿಯಾಗಿ ಸ್ವೀಕರಿಸಿ ಯಶಸ್ವಿಯಾದ ನಿದರ್ಶನ ಉಂಟು. ಆಟ ಮಾತ್ರ ಬೇರೆ. 1992ರಲ್ಲಿ ಜನಿಸಿದ ಕಡೂರಿನ ವೇದಾ ಕೃಷ್ಣಮೂರ್ತಿಯವರು ತರಬೇತಿಗಾಗಿ ಬಾಲ್ಯದಲ್ಲಿಯೇ ಬೆಂಗಳೂರನ್ನು ಸೇರಿ, 2011ರಲ್ಲಿ ಇಂಗ್ಲೆಂಡಿನ ಡಾರ್ಬಿಯಲ್ಲಿ ಭಾರತದ ಪರವಾಗಿ ಆಡಿದ ಮೊದಲ ಏಕದಿನ ಪಂದ್ಯದಲ್ಲಿಯೇ 51 ಓಟಗಳನ್ನು ಗಳಿಸಿದರು. 2017ರ ವಿಶ್ವಕಪ್ಪಿನಲ್ಲಿ ಅದೇ ಡಾರ್ಬಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ 45 ಎಸೆತಗಳಲ್ಲಿ 70 ಓಟಗಳನ್ನು ಹೊಡೆದು ತಂಡವನ್ನು ಉಪಾಂತ್ಯಕ್ಕೆ ಮುಟ್ಟಿಸುವುದರಲ್ಲಿ ಮುಖ್ಯ ಪಾತ್ರ ವಹಿಸಿದರು. ಭಾರತವು ಅಂತಿಮ ಪಂದ್ಯವನ್ನು ಲಾರ್ಡ್ಸ್ ಮೈದಾನದಲ್ಲಿ 9 ಓಟಗಳಿಂದ ಕಳೆದುಕೊಂಡಿತು. ಕರ್ನಾಟಕ ತಂಡದ ನಾಯಕಿಯಾಗಿಯೂ ದುಡಿದ ಅವರು 2025ರಲ್ಲಿ ನಿವೃತ್ತಿಯನ್ನು ಘೋಷಿಸಿದರು.

ಈ ಎರಡು ವೃತ್ತಿಜೀವನಗಳ ರಚನೆಯಲ್ಲಿರುವ ಭೇದ ಸ್ಪಷ್ಟವಾದುದು. ಕ್ರಿಕೆಟ್ ತಂಡದ ಆಟ. ತಂಡವನ್ನು ಕಳುಹಿಸುವ ಮಂಡಳಿಯೇ ಪ್ರಯಾಣ, ವಸತಿ, ತರಬೇತುಗಳ ವೆಚ್ಚವನ್ನು ವಹಿಸುತ್ತದೆ. ರೈಲ್ವೆ ಇಲಾಖೆಯು ಎಷ್ಟೋ ಆಟಗಾರ್ತಿಯರಿಗೆ ಉದ್ಯೋಗ ನೀಡಿತು. ವೇದಾ ಅವರೂ ರೈಲ್ವೆ ತಂಡದಲ್ಲಿ ಆಡಿದವರು. ಆದರೆ ಈ ಆಶ್ರಯ ಕೂಡ ಬಹಳ ಹಳೆಯದಲ್ಲ. ಬೆಂಗಳೂರಿನ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಭಾರತದ ಮಹಿಳೆಯರು 1976ರಲ್ಲಿ ಮೊದಲ ಟೆಸ್ಟ್ ಪಂದ್ಯವನ್ನಾಡಿದಾಗ ವೃತ್ತಿಯೆಂಬ ಮಾತೇ ಇರಲಿಲ್ಲ. ಮಹಿಳಾ ಕ್ರಿಕೆಟ್ಟು 2006ರಲ್ಲಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಆಶ್ರಯಕ್ಕೆ ಬಂದಿತು. 2015ರಲ್ಲಿ ಆಟಗಾರ್ತಿಯರೊಡನೆ ವಾರ್ಷಿಕ ಕರಾರುಗಳು ಆರಂಭವಾದುವು. 2022ರಲ್ಲಿ ಪಂದ್ಯದ ಸಂಭಾವನೆಯನ್ನು ಪುರುಷರಿಗೆ ಸಮನಾಗಿಸಲಾಯಿತು. ಕ್ರಿಕೆಟ್ಟಿನಲ್ಲಿ ಸಂಸ್ಥೆ ಹೊರುವ ಹೊರೆಯನ್ನು ಟೆನಿಸಿನಲ್ಲಿ ಕುಟುಂಬವೇ ಹೊರಬೇಕು. ಕಡೂರಿನ ಬಾಲಕಿಗೆ ತೆರೆದ ದಾರಿ ಟೆನಿಸ್ ಆಡುವ ಬಾಲಕಿಗೆ ಅಷ್ಟೇ ಸುಲಭವಾಗಿ ತೆರೆಯದಿರಲು ಇದೊಂದು ಮುಖ್ಯ ಕಾರಣ.

6. ಮೂರು ತಾಲ್ಲೂಕುಗಳ ಪರಿಸ್ಥಿತಿ

ಇನ್ನು ಭೂಗೋಳದ ಮಾತು. ಹಿಂದೆ ಕಡೂರು ಜಿಲ್ಲೆಯೆನಿಸಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಡೂರು ಬಯಲುಸೀಮೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳು ಮಲೆನಾಡು. ಕ್ರಿಕೆಟ್ಟನ್ನು ಬೆಳೆ ಕೊಯ್ದ ಗದ್ದೆಯಲ್ಲಿಯೂ ಹುಡುಗರು ಆಡುವುದುಂಟು. ಟೆನಿಸಿಗೆ ಹಾಗಲ್ಲ. ಅಂಕಣದ ಗೆರೆಗಳ ನಡುವಣ ಉದ್ದ 78 ಅಡಿ, ಡಬಲ್ಸಿಗೆ ಅಗಲ 36 ಅಡಿ. ಸುತ್ತಲಿನ ಓಡಾಟದ ಸ್ಥಳವೂ ಸೇರಿದರೆ 120 ಅಡಿ ಉದ್ದ, 60 ಅಡಿ ಅಗಲದ, ಚೆಂಡು ಸಮನಾಗಿ ಪುಟಿಯುವಂತಹ ಗಟ್ಟಿ ನೆಲ ಬೇಕು. ಎಂದರೆ ಎಕರೆಯ ಆರನೆಯ ಒಂದು ಭಾಗ. ಗುಡ್ಡದ ಇಳಿಜಾರಿನ ನಾಡಿನಲ್ಲಿ ಅಷ್ಟು ಮಟ್ಟಸ ನೆಲವಿದ್ದರೆ ಅದು ಗದ್ದೆಯಾಗಿರುತ್ತದೆ, ಇಲ್ಲವೆ ಅಡಕೆ ತೋಟವಾಗಿರುತ್ತದೆ. ಮನೆಯ ಮುಂದಿನ ಅಂಗಳವಂತೂ ಕೊಯ್ಲಿನ ತಿಂಗಳುಗಳಲ್ಲಿ ಅಡಕೆ, ಕಾಫಿ ಒಣಗಿಸಲು ಮೀಸಲು.

ಮಳೆ ಎರಡನೆಯ ಅಡ್ಡಿ. ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಮಣ್ಣಿನ ಅಂಕಣ ಆ ಮಳೆಯಲ್ಲಿ ಉಳಿಯದು. ಸಿಮೆಂಟಿನ ಅಂಕಣಕ್ಕೆ ಪಾಚಿ ಕಟ್ಟುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಅಭ್ಯಾಸ ತಪ್ಪಿದರೆ ಬಾಲಕಿಯ ಬೆಳವಣಿಗೆ ಕುಂಠಿತವಾಗುವುದು ಸಹಜ. ಆದುದರಿಂದ ಇಲ್ಲಿ ಬೇಕಾದುದು ಮೇಲೆ ಸೂರಿರುವ ಅಂಕಣ. ಮೂರನೆಯದು ಸಂಚಾರ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಕಿರುಗಾತ್ರದ ರೈಲು ಓಡುತ್ತಿತ್ತು. ಅದು ನಿಂತು ಬಹುಕಾಲವಾಯಿತು. ಇಂದು ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಯಾವುದಕ್ಕೂ ರೈಲಿಲ್ಲ. ವಾರಾಂತ್ಯದ ಬಾಲಕಿಯರ ಪಂದ್ಯಾವಳಿಗೆ ಬೆಂಗಳೂರಿಗೆ ಹೋಗಿಬರುವುದೆಂದರೆ ಮಗಳೊಡನೆ ತಾಯಿಯೋ ತಂದೆಯೋ ಎರಡು ರಾತ್ರಿ ಬಸ್ಸಿನಲ್ಲಿ ಕಳೆಯಬೇಕು.

ಹಾಗಾದರೆ ಮಲೆನಾಡಿನಿಂದ ಟೆನಿಸ್ ಆಟಗಾರರು ಬರುವುದೇ ಅಸಾಧ್ಯವೇ? ಹಾಗೆನ್ನಲಾಗದು. ಮೇಲೆ ಹೆಸರಿಸಿದ ರೋಹನ್ ಬೋಪಣ್ಣನವರು ಇಷ್ಟೇ ಮಳೆಯ, ಇಷ್ಟೇ ಇಳಿಜಾರಿನ ಕೊಡಗಿನ ಕಾಫಿ ಬೆಳೆಗಾರರ ಮನೆತನದವರು. ಅವರು 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಓಪನ್ನಿನ ಪುರುಷರ ಡಬಲ್ಸ್ ಗೆದ್ದು ಡಬಲ್ಸ್ ಶ್ರೇಯಾಂಕದಲ್ಲಿ ಪ್ರಥಮ ಸ್ಥಾನವನ್ನು ಪಡೆದರು. ಆದರೆ ಅವರೂ ಕಿಶೋರಾವಸ್ಥೆಯಲ್ಲಿಯೇ ಉನ್ನತ ತರಬೇತಿಗಾಗಿ ಕೊಡಗನ್ನು ಬಿಟ್ಟು ಹೋಗಬೇಕಾಯಿತು. ಮಗನನ್ನು ದೂರದ ಊರಿಗೆ ಕಳುಹಿಸಲು ಒಪ್ಪುವ ಮನೆ ಮಗಳನ್ನೂ ಹಾಗೆಯೇ ಕಳುಹಿಸುವುದೇ ಎಂಬುದೇ ಇಲ್ಲಿಯ ತಿರುಳಾದ ಪ್ರಶ್ನೆ.

7. ಅಧ್ಯಾಪಕರ ಹೊಣೆ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳು ಹೊರಡುತ್ತವೆ. ಮೊದಲನೆಯದಾಗಿ, ಕಾಲೇಜಿಗೆ ಬಂದ ಮೇಲೆ ರ್ಯಾಕೆಟ್ಟನ್ನು ಹಿಡಿದ ವಿದ್ಯಾರ್ಥಿನಿಗೆ ವಿಂಬಲ್ಡನ್ನಿನ ಆಸೆ ತೋರಿಸುವುದು ಅನ್ಯಾಯ. ಈ ವೃತ್ತಿಯ ಬೀಜ ಆರೇಳು ವರ್ಷದ ವಯಸ್ಸಿನಲ್ಲಿ ಬೀಳಬೇಕು. ಎರಡನೆಯದಾಗಿ, ಆ ವಿದ್ಯಾರ್ಥಿನಿಯ ಆಟ ವ್ಯರ್ಥವೆನ್ನುವುದೂ ಅಷ್ಟೇ ಅನ್ಯಾಯ. ಅಂತರಕಾಲೇಜು, ಅಂತರವಿಶ್ವವಿದ್ಯಾನಿಲಯ ಪಂದ್ಯಗಳು ಅವಳಿಗೆ ತೆರೆದಿವೆ. ದೈಹಿಕ ಶಿಕ್ಷಣ, ತರಬೇತು, ತೀರ್ಪುಗಾರಿಕೆ, ಅಂಗಮರ್ದನ ಚಿಕಿತ್ಸೆ ಮೊದಲಾದುವು ಆಟದ ಸುತ್ತ ಬೆಳೆದ ಉಪವೃತ್ತಿಗಳು. ಇವುಗಳಲ್ಲಿ ಸಂಬಳವುಂಟು, 52 ವಾರಗಳ ಗಡುವಿಲ್ಲ. ಇಂದು ಕಾಲೇಜಿನಲ್ಲಿ ಆಟ ಕಲಿತವಳು ನಾಳೆ ಪ್ರಾಥಮಿಕ ಶಾಲೆಯ ಏಳು ವರ್ಷದ ಬಾಲಕಿಗೆ ಮೊದಲ ಗುರುವಾಗಬಲ್ಲಳು. ಒಂದು ಪ್ರದೇಶದಲ್ಲಿ ಆಟ ಬೇರೂರುವುದು ಹೀಗೆ, ಎರಡು ತಲೆಮಾರುಗಳಲ್ಲಿ.

ಮೂರನೆಯದಾಗಿ, ಮಗುವಿನ ಪ್ರತಿಭೆ ನಿಜವೆಂದು ಕಂಡುಬಂದಲ್ಲಿ ಮನೆಯವರಿಗೆ ಗೆದ್ದವರ ಕಥೆಯನ್ನಷ್ಟೇ ಹೇಳದೆ ಪೂರ್ಣ ಲೆಕ್ಕವನ್ನು ತಿಳಿಸಬೇಕು: ಎಷ್ಟು ವರ್ಷ ಹಣ ಹೋಗುವುದು, ಯಾವ ಹಂತದಲ್ಲಿ ಬರತೊಡಗುವುದು, ಪೆಟ್ಟಾದರೆ ಗತಿಯೇನು, ಓದನ್ನು ಯಾವ ರೀತಿಯಲ್ಲಿ ಉಳಿಸಿಕೊಳ್ಳಬಹುದು. ಲೆಕ್ಕ ತಿಳಿದು ಧೈರ್ಯ ಮಾಡಿದ ಮನೆ ಕಷ್ಟ ಬಂದಾಗ ಮಗಳನ್ನು ದೂರುವುದಿಲ್ಲ.

ಕಡೆಯದಾಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ನಮ್ಮ ತಾಲ್ಲೂಕುಗಳ ಶಾಲಾ ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ, ಕ್ರೀಡಾ ವಿಭಾಗದ ದಾಖಲೆ ಪುಸ್ತಕಗಳಲ್ಲಿ, ಹಳೆಯ ಛಾಯಾಚಿತ್ರಗಳಲ್ಲಿ ಆಟವಾಡಿದ ಹೆಣ್ಣುಮಕ್ಕಳ ಹೆಸರುಗಳಿವೆ. ಅವರಲ್ಲಿ ಯಾರು ಆಟವನ್ನು ಮುಂದುವರಿಸಿದರು, ಯಾರು ಯಾವ ವಯಸ್ಸಿನಲ್ಲಿ, ಯಾವ ಕಾರಣದಿಂದ ನಿಲ್ಲಿಸಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕಾರ್ಯವನ್ನು ಒಂದೊಂದು ಕಾಲೇಜೂ ಕೈಗೊಳ್ಳಬಹುದು. ಗೆದ್ದವರ ಚರಿತ್ರೆ ತಾನಾಗಿಯೇ ಉಳಿಯುತ್ತದೆ. ಅರ್ಧದಲ್ಲಿ ನಿಲ್ಲಿಸಿದವರ ಚರಿತ್ರೆಯನ್ನು ಮಾತ್ರ ನಾವೇ ಕಾಪಾಡಬೇಕು. ಮುಂದಿನ ಬಾಲಕಿಗೆ ದಾರಿ ಎಲ್ಲಿ ಕಡಿದಿದೆಯೆಂಬುದನ್ನು ತೋರಿಸಬಲ್ಲುದು ಆ ಚರಿತ್ರೆಯೇ.